ಕೆಂಪು ಬೋರಿಂಗಿಗೆ ನಾನೇ ಕಾಯಿ ಒಡದೆ

ನಮ್ಮ ಓಣಿಯ ಬೋರಿಂಗಿಗೆ ಕಾಯಿ ಒಡದವಳು ನಾನು. ಕುಂಕುಮ ಹಚ್ಚಿದವಳು ನಾನು. ಅದೇ ನೀರಿನಾಗ ಮೊಮ್ಮಗಳ ಬಾಟಲಿಗಿ ಹಾಲು ಕಲಸಿದವಳೂ ನಾನೇ. ಮೂರೂ ತಪ್ಪು. ಮೊದಲೇ ಒಪ್ಕೋತೇನಿ. ಆಮ್ಯಾಲ ನೀವು ಹುಡುಕೋದು ಬ್ಯಾಡ.

ಆಗಿದ್ದು ಇಷ್ಟು. ಔರಾದದಾಗ ನಮ್ಮ ಓಣಿ ಮೂಲಿಗೊಂದು ಕೈಪಂಪು ಅದ. ನಾವು ಬೋರಿಂಗ್ ಅಂತೇವಿ. ತುಕ್ಕು ಹಿಡದಿತ್ತು, ಅದರ ನೀರು ದನಕ್ಕ, ಬಟ್ಟಿಗಿ ಅಷ್ಟೇ. ಒಂದಿನ ಮುಂಜಾನಿ ಇಬ್ಬರು ಬಂದ್ರು. ಡಬ್ಬಿ ತೆಗದ್ರು, ಬೋರಿಂಗಿಗೆ ಕೆಂಪು ಬಣ್ಣ ಬಳದ್ರು, ಫೋಟೋ ಹೊಡಕೊಂಡು ಹೋದ್ರು. ಒಂದು ಮಾತಿಲ್ಲ. (ಚಹಾ ಕೇಳಿದ್ರ ಕೊಡ್ತಿದ್ದೆ. ಅದೂ ಕೇಳಲಿಲ್ಲ.)

ನೀವೇ ಹೇಳ್ರಿ, ಕೆಂಪು ಅಂದ್ರ ಏನು? ನಮಗ ಕುಂಕುಮ ಕೆಂಪು. ಮದುಮಗಳ ಸೀರಿ ಕೆಂಪು. ಮತ್ತ ಸರ್ಕಾರ ಯಾವುದಕ್ಕರೆ ಬಣ್ಣ ಹೊಡೀತು ಅಂದ್ರ, ರಿಪೇರಿ ಆಗ್ಯದ ಅಂತ ಅರ್ಥ. ಸಾಲಿಗಿ ಹೊಡದ್ರು, ದವಾಖಾನಿಗಿ ಹೊಡದ್ರು. ಎಲ್ಲಾ ಕಡಿ ಹಂಗೇ ಆಗ್ಯದ. ಬೋರಿಂಗೂ ಹೊಸದಾತು ಅಂದ್ಕೊಂಡೆವು.

ಹೆಂಗಸರು ಸೇರಿ ಕಟ್ಟಿ ತೊಳದ್ರು. ಅರಿಷಿಣ, ಕುಂಕುಮ, ನಾಲ್ಕು ಚೆಂಡು ಹೂವು. ಓಣಿಗಿ ಹಿರಿಯಾಕಿ ಅಂತ ಕಾಯಿ ನನ್ನ ಕೈಯಾಗ ಕೊಟ್ರು. ಒಡದೆ. ಅವತ್ತಿಂದ ದೂರದ ನಳಕ್ಕ ಹೋಗೋರೆಲ್ಲ ಇಲ್ಲೇ ಕೊಡ ಇಟ್ರು.

ನಮ್ಮ ಮನ್ಯಾಗ ಮೂರು ತಿಂಗಳ ಕೂಸು. ಸೊಸಿ ಸುನಂದಾಗ ಹಾಲು ಸಾಲಂಗಿಲ್ಲ, ಮ್ಯಾಲ ಡಬ್ಬಿ ಹಾಲಿನ ಪುಡಿ. ಅದಕ್ಕ ಈ ನೀರೇ. ಸುಮ್ಮನ ಹಾಕ್ತಿರಲಿಲ್ರಿ, ಬಾಳ ಹೊತ್ತು ಕುದಿಸಿ, ಆರಿಸಿ, ಸೋಸಿ ಹಾಕ್ತಿದ್ದೆ. ನನ್ನಷ್ಟು ಕಾಳಜಿ ಯಾರಿಗದ ಅಂತ ಜಂಬ ಬ್ಯಾರೆ.

ವಾರದ ಮ್ಯಾಲ ಬೀದರದ ನೌಬಾದದಾಗ ಒಂದು ಮೀಟಿಂಗ್ ಇತ್ತು. ಸರ್ಕಾರದ ನೀರಿನ ಕಛೇರಿಯವರು, ನೀರಿನ ಸಲುವಾಗಿ ಹೋರಾಡೋ ಸಂಘದವರು ಕೂಡಿ ಮಾಡಿದ್ದು. ಬ್ಯಾನರ್ ಮ್ಯಾಲ 'ತೆರೆದ ಆಡಳಿತ' ಅಂತಿತ್ತು. ನಮ್ಮ ಓಣಿ ಮಹಿಳಾ ಸಂಘದಿಂದನೂ ಹತ್ತು ಮಂದಿ ಬರ್ರಿ ಅಂದಿದ್ರು. ನಾ ಹೋಗಿದ್ದು ಖರೆ ಹೇಳ್ಬೇಕಂದ್ರ ಊಟಕ್ಕ.

ಆದ್ರ ಅಲ್ಲಿಂದು ನೋಡಿ ಖುಷಿನೂ ಆತು. ಮೊದಲ ಹ್ಯಾಂಗಿತ್ತು? ಆ ಸಂಘದವರು ಕಛೇರಿ ಗೇಟಿನ ಹೊರಗ ಘೋಷಣಾ ಕೂಗೋರು, ಸಾಹೇಬರು ಒಳಗ ಚಿಲಕ ಹಾಕ್ಕೊಂಡು ಕೂಡೋರು. ಈಗ ಇಬ್ಬರಿಗೂ ಒಂದೇ ಮೈಕು. ಭಾಲ್ಕಿ ಕಡಿ ಹುಡುಗಿ ಶಿವಲೀಲಾ, ಆ ಸಂಘದಾಕಿ, ಊರೂರಿಗಿ ಬಸ್ಸಿನಾಗ ಹೋಗಿ ನೀರು ಪರೀಕ್ಷಾ ಮಾಡ್ಯಾಳ. ಕಛೇರಿಯವರು ಆಕಿ ಕೊಟ್ಟ ಪಟ್ಟಿ ಒಪ್ಪಿ ಕೆಲಸ ಮಾಡ್ಯಾರ. ಇದು ಸಣ್ಣ ಮಾತಲ್ಲ.

ಕಛೇರಿಯ ಸಾಹೇಬರು ಪರದೆ ಮ್ಯಾಲ ಫೋಟೋ ತೋರಿಸಿದ್ರು. "ನಾವು ಏನನ್ನೂ ಮುಚ್ಚಿಟ್ಟಿಲ್ಲ. ಎಲ್ಲಾ ರಿಪೋರ್ಟು ವೆಬ್‌ಸೈಟಿನಲ್ಲಿದೆ. ಕುಡಿಯಬಾರದ ಬೋರುಗಳಿಗೆ ಕೆಂಪು ಬಣ್ಣ ಹೊಡೆಸಿದ್ದೇವೆ."

ಫೋಟೋದಾಗ ನಮ್ಮ ಬೋರಿಂಗ್. ಹಿಂದ ನಮ್ಮದೇ ಗ್ವಾಡಿ, ನಮ್ಮದೇ ಎಮ್ಮಿ.

ಎದ್ದು ನಿಂತೆ. "ಸಾಹೇಬ್ರ, ಜರಾ ನಿಲ್ರಿ. ಕೆಂಪು ಅಂದ್ರ ಕುಡೀಬಾರದೇನ್ರಿ?"

"ಹೌದು ಅಜ್ಜಿ. ಕೆಂಪು ಅಂದ್ರೆ ಅಪಾಯ. ಎಲ್ಲರಿಗೂ ಗೊತ್ತಿರೋದೇ."

"ಎಲ್ಲರಿಗೂ ಅಂದ್ರ ಯಾರಿಗ್ರಿ? ನಾ ಅದಕ್ಕ ಕಾಯಿ ಒಡದೇನಿ."

ಕೂತ ಮಂದಿಯೆಲ್ಲ ನಕ್ಕರು. ಸಾಹೇಬರೂ ನಕ್ಕರು. ಶಿವಲೀಲಾ ಒಬ್ಬಾಕಿ ನಗಲಿಲ್ಲ. ವೇದಿಕೆ ಇಳದು ನನ್ನ ಹಂತೇಲಿ ಬಂದಳು.

"ಆಯಿ, ಮನ್ಯಾಗ ಸಣ್ಣ ಕೂಸು ಅದೇನ್ರಿ?"

"ಮೂರು ತಿಂಗಳದ್ದು."

"ಬಾಟಲಿ ಹಾಲೇನ್ರಿ?"

"ಹೂಂ. ಆದ್ರ ನೀರು ಕುದಿಸೇ ಹಾಕ್ತೇನವಾ."

ಆಕಿ ಮಾರಿ ಸಣ್ಣದಾತು. "ಕುದಿಸಿದ್ರ ಇದು ಹೋಗಂಗಿಲ್ರಿ ಆಯಿ. ಆ ನೀರಿನಾಗ ನೈಟ್ರೇಟ್ ಅದ. ಗೊಬ್ಬರದ್ದು, ತಿಪ್ಪಿದ್ದು ನೆಲದಾಗ ಇಳೀತದಲ್ಲ, ಅದು. ಕುದಿಸಿದಷ್ಟು ನೀರು ಆವಿಯಾಗಿ ಹೋಗ್ತದ, ಅದು ಅಲ್ಲೇ ಉಳದು ಗಟ್ಟಿ ಆಗ್ತದ. ದೊಡ್ಡೋರು ತಡೀತಾರ. ಹಸುಗೂಸಿಗಿ ತುಟಿ, ಉಗುರು ನೀಲಿ ಆಗ್ತಾವ್ರಿ. ಜೀವಕ್ಕೂ ಬರ್ತದ."

ಕಾಳಜಿ ಅಂತ ಕುದಿಸಿದ್ದು ನಾನು. ಕೇಳಿದ್ರಿಲ್ಲ?

ಸೊಸಿಗಿ ಫೋನ್ ಹಚ್ಚಿದೆ. "ಬಾಟಲಿ ಕೊಟ್ಟಿಯೇನು?"

"ಈಗ ಕುಡದು ಮಲಗ್ಯಾಳ್ರಿ."

"ಉಗುರು ನೋಡು."

"ಯಾಕ್ರಿ?"

"ನೋಡು ಅಂದೆ."

ಆಕಿ ಫೋನು ಇಟ್ಟು ಹೋಗಿ ಬಂದಳು. "ಬೆಳ್ಳಗ ಅವ... ಇಲ್ಲ, ಕೆಂಪಗೇ ಅವ್ರಿ. ತಿಳೀವಲ್ದು."

ಔರಾದಕ್ಕ ರೈಲಿಲ್ಲ, ಬಸ್ಸು ತನ್ನ ಮನಸ್ಸು ಬಂದಾಗ. ಸಾಹೇಬರು ತಮ್ಮ ಜೀಪು ಕೊಟ್ಟರು, ತಾವೂ ಹತ್ತಿದ್ರು. (ಒಳ್ಳೇದನ್ನೂ ಹೇಳ್ಬೇಕು.) ಶಿವಲೀಲಾ ನನ್ನ ಬಾಜೂಕ. ದಾರ್ಯಾಗ ನಾ ಕೇಳಿದೆ: "ಬಣ್ಣ ಹೊಡ್ಯಾಕ ಬಂದವ್ರು ಒಂದು ಮಾತು ಹೇಳಿದ್ರ ಬಾಯಿ ಸವೀತಿತ್ತೇನು?"

"ಅವರು ಪೇಂಟರ್‌ಗಳು ಅಜ್ಜಿ. ಜನರಿಗೆ ಸಂಘದವರು ತಿಳಿಸ್ತಾರೆ ಅಂದ್ಕೊಂಡಿದ್ವಿ," ಅಂದ್ರು ಸಾಹೇಬರು.

ಶಿವಲೀಲಾ ಕೆಳಗ ನೋಡಿದಳು. "ಕಛೇರಿಯವ್ರು ತಿಳಿಸ್ತಾರ ಅಂತ ನಾವು ತಿಳಕೊಂಡಿದ್ದೆವ್ರಿ."

ಇಬ್ಬರು ಸೊಸೆಂದಿರ ಮನ್ಯಾಗ ಬ್ಯಾಳಿಗಿ ಉಪ್ಪೇ ಇರಂಗಿಲ್ಲ. ಆಕಿ ಹಾಕ್ಯಾಳ ಅಂತ ಈಕಿ, ಈಕಿ ಹಾಕ್ಯಾಳ ಅಂತ ಆಕಿ. ಕೂಡಿ ಕೆಲಸ ಮಾಡೋದು ಅಂದ್ರ ಇದೇ ಏನ್ರಿ? ಎಲ್ಲಾ ತೆರದೇ ಇಟ್ಟಿದ್ರು, ಸುಳ್ಳಲ್ಲ. ಆದ್ರ ನಾ ಓದಿದ್ದು ನಾಲ್ಕನೇ ಕ್ಲಾಸು. ವೆಬ್‌ಸೈಟಿಗಿ ಯಾವ ಬಾಗಲಾಗಿಂದ ಹೋಗ್ಬೇಕು?

ಔರಾದ ಮುಟ್ಟಿ ಕೂಸಿನ್ನ ದವಾಖಾನಿಗಿ ಒಯ್ದೆವು. ಡಾಕ್ಟರ್ ತುಟಿ ನೋಡಿದ್ರು, ಉಗುರು ನೋಡಿದ್ರು, ಬೆರಳಿಗಿ ಮಷೀನು ಹಚ್ಚಿದ್ರು. ಸದ್ಯಕ್ಕ ಕೂಸು ಆರಾಮದ, ಆ ನೀರು ಬಂದ್ ಮಾಡ್ರಿ ಅಂದ್ರು. ಬಂದ್ ಮಾಡೇವಿ. ಆದ್ರೂ ಮುಂಜಾನಿ ಎದ್ದ ಕೂಡಲೇ ಮೊದಲ ನಾ ನೋಡೋದು ಆ ಹತ್ತು ಬೆರಳು.

ಮರುದಿನ ನಾನು, ಶಿವಲೀಲಾ, ಕಛೇರಿಯ ಒಬ್ಬರು ಬೋರಿಂಗ್ ಹಂತೇಲಿ ನಿಂತೆವು. ಕೊಡ ತಂದವರಿಗೆಲ್ಲ ಹೇಳಿದೆವು. ಕೆಲವರು ತಿರುಗಿ ಹೋದ್ರು. ಬಾಜೂ ಮನಿ ಕಾಶೀಬಾಯಿ ನಿಂತಳು.

"ಅವತ್ತ ನೀನೇ ಕಾಯಿ ಒಡದಿ. ಇವತ್ತ ನೀನೇ ವಿಷ ಅಂತಿ. ಯಾವ್ದು ನಂಬ್ಲಿ ಅಕ್ಕಾ?"

"ಇವತ್ತಿಂದು ನಂಬು."

"ನಾಳಿಗಿ ಮತ್ತೇನಂತಿ?"

ಅಂದಾಕಿನೇ ಕೊಡ ತುಂಬಿ ಟೊಂಕದ ಮ್ಯಾಲ ಇಟ್ಕೊಂಡು ಹೋದಳು. ಆಕಿ ಸೊಸಿಗಿ ಇದು ತುಂಬಿದ ತಿಂಗಳು. ದಿನಾ ಹೋಗಿ ಹೇಳ್ತೇನಿ, ದಿನಾ ಬೈಸ್ಕೋತೇನಿ. ಕಾಯಿ ಒಡದಾಕಿ ನಾನೇ, ಬೈಸ್ಕೋಬೇಕು.

ಶಿವಲೀಲಾ ಪಟ್ಟಿಯ ಒಂದು ಕಾಪಿ ನನಗೂ ಕೊಟ್ಟು ಹೋಗ್ಯಾಳ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಔರಾದ ಕಡಿ ಅವ, ಭಾಲ್ಕಿ ಕಡಿನೂ ಅವ, ಎಲ್ಲಾ ಹೊಸದಾಗಿ ಕೆಂಪು ಹೊಡದ ಬೋರಿಂಗುಗಳು.

ಅಲ್ಲೆಲ್ಲ ಕಾಯಿ ಒಡದವರು ಯಾರ್ಯಾರು, ಅವರಿಗಿ ಯಾರರೆ ಹೇಳೀರೇನ್ರಿ?