ಮೊಜಾಂಬಿಕ್‌ನಿಂದ ಬಂದ ಹುಡುಗಿ

ಮಂಜುಳಾ, ನೀನು ಮೊಜಾಂಬಿಕ್‌ನವಳೆಂದು ನನ್ನ ಅಜ್ಜಿಗೆ ಸುಳ್ಳು ಹೇಳಿದವಳು ನಾನು. ಬಾಯಿತಪ್ಪಿ ಬಂದ ಮಾತಲ್ಲ ಅದು — ಧಾರವಾಡದಿಂದ ನಮ್ಮೂರು ಬೈಲಹೊಂಗಲಕ್ಕೆ ಬರುವಾಗ, ಬಸ್ಸಿನಲ್ಲಿ ನಿನ್ನ ಪಕ್ಕದಲ್ಲೇ ಕುಳಿತು ಯೋಚಿಸಿಟ್ಟುಕೊಂಡಿದ್ದು.

ಆ ದೇಶದ ಕನಸು ನನ್ನದು. ಎಂ.ಎ. ಇತಿಹಾಸ ಓದುವಾಗ ನಾವಿಬ್ಬರಿದ್ದ ಹಾಸ್ಟೆಲಿನ ಕೋಣೆಯಲ್ಲಿ ನಿನಗೆ ಅದನ್ನೇ ಹೇಳುತ್ತಿದ್ದೆ. ಪೋರ್ಚುಗೀಸರು ಮನುಷ್ಯರನ್ನು ಹಡಗಿಗೆ ತುಂಬಿ ಗೋವೆಗೆ ತಂದು ಮಾರಿದ ಕರಾವಳಿ, ಸ್ವಾತಂತ್ರ್ಯ ಬಂದ ಮೇಲೂ ಮುಗಿಯದ ಕಾದಾಟ, ಅಲ್ಲಿನ ದ್ವೀಪವೊಂದರಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆ — ಅದರ ಗೋಡೆಯನ್ನು ಒಮ್ಮೆ ಮುಟ್ಟಬೇಕು ಎನ್ನುತ್ತಿದ್ದೆ. ನೀನು ಹಳಿಯಾಳದ ಕಾಡಂಚಿನ ಸಿದ್ದಿ ಹುಡುಗಿ. ನಿನ್ನ ಹಿರಿಯರು ಅಂಥ ಹಡಗಿನಲ್ಲೇ ಬಂದವರು. ನೀನು ನಗುತ್ತ ಕೇಳುತ್ತಿದ್ದೆ. ನಿನಗೆ ಏನನ್ನು ನೋಡುವ ಆಸೆಯೆಂದು ನಾನು — ಕೇಳಲೇ ಇಲ್ಲ.

ಕಬ್ಬು ಕಡಿಯಲು ಬರುವ ಸಿದ್ದಿ ಜನರಿಗೆ ನಮ್ಮ ಮನೆಯಲ್ಲಿ ಅಂಗಳದಲ್ಲೇ ಊಟ. ಪರದೇಶದವರಾದರೆ ಅಜ್ಜಿ ಜಾತಿ ಕೇಳುವುದಿಲ್ಲ. ಹಾಗಾಗಿ ನಿನಗೆ ನಡುಮನೆಯಲ್ಲಿ ಮಣೆ ಸಿಕ್ಕಿತು, ಹೋಳಿಗೆಯ ಮೇಲೆ ತುಪ್ಪ ಬಿತ್ತು. ಇವಳಿಗೆ ಕನ್ನಡ ಬರುವುದಿಲ್ಲ ಎಂದು ನಾನು ಹೊಸ್ತಿಲಲ್ಲಿ ಅಂದಾಗ ನೀನು ನನ್ನ ಮುಖ ನೋಡಿದೆ. ಆಮೇಲೆ ತುಟಿ ಬಿಚ್ಚಲಿಲ್ಲ.

ಅಜ್ಜಿ ಬಡಿಸುತ್ತ ಅಂದಳು: “ಪಾಪ, ಎಷ್ಟ ದೂರದಿಂದ ಬಂದೈತಿ ಕೂಸು. ನಮ್ಮ ಕಡಿ ಸಿದ್ದೇರಂಗ ಅಲ್ಲ ನೋಡು, ಎಷ್ಟ ಸ್ವಚ್ಛ ಅದಾಳ.”

ನಾನು ತಲೆ ತಗ್ಗಿಸಿ ಹೋಳಿಗೆ ಮುರಿದೆ.

ಮರಳುವ ಬಸ್ಸನ್ನು ನೀನೊಬ್ಬಳೇ ಹತ್ತಿದೆ. ಕಿಟಕಿಯಿಂದ ಬಗ್ಗಿ ಮೆಲ್ಲಗೆ ಹೇಳಿದೆ: “ಹೋಳಿಗಿ ಛಲೋ ಆಗಿತ್ತಂತ ನಿಮ್ಮ ಅಜ್ಜಿಗೆ ಹೇಳು. ನನಗಂತೂ ಕನ್ನಡ ಬರಂಗಿಲ್ಲಲ್ಲ.”

ನಾನು ಹಾಸ್ಟೆಲಿಗೆ ಬರುವಷ್ಟರಲ್ಲಿ ನೀನು ಬೇರೆ ಕೋಣೆಗೆ ಹೋಗಿದ್ದೆ.

ಈಗ ಕಿತ್ತೂರಿನಲ್ಲಿ ಪಾಠ ಹೇಳುತ್ತೇನೆ. ಪಾಸ್‌ಪೋರ್ಟ್ ಬಂದಿದೆ. ಆ ಕರಾವಳಿ ಇನ್ನೂ ಕರೆಯುತ್ತದೆ — ಆದರೆ ಕಣ್ಣು ಮುಚ್ಚಿದರೆ ಕೋಟೆಯ ಗೋಡೆಗೆ ಒರಗಿ ನೀನು ನಿಂತಿರುತ್ತೀ, ಅದೇ ಬಿಗಿದ ತುಟಿ. ಅಳ್ನಾವರ ದಾಟಿದರೆ ನಿಮ್ಮೂರು. ಅಲ್ಲಿಗೂ ಹೋಗಲಿಲ್ಲ.

ಹೋಳಿಗೆ ಮಾಡಿದಾಗಲೆಲ್ಲ ಅಜ್ಜಿ, ಆ ಹುಡುಗಿ ತನ್ನ ದೇಶ ಮುಟ್ಟಿದಳೇ ಎಂದು ಕೇಳುತ್ತಿದ್ದಳು. ಮೊನ್ನೆ ನಿಜ ಹೇಳಿಬಿಟ್ಟೆ. ಅವಳು ಹೋಳಿಗೆ ಲಟ್ಟಿಸುತ್ತಲೇ ಕೇಳಿದಳು:

“ಹಂಗಾರ ಆಕಿಗೆ ನನ್ನ ಮಾತೆಲ್ಲಾ ತಿಳೀತಿತ್ತೇನ?”

ಹೂಂ ಎಂದೆ. ಅಜ್ಜಿ ಲಟ್ಟಣಿಗೆ ಕೆಳಗಿಟ್ಟಳು.

ಅವಳಿಗೆ ಗೊತ್ತಿರಲಿಲ್ಲ, ಮಂಜುಳಾ. ನನಗೆ ಗೊತ್ತಿತ್ತು.