ಇಳಿಯಲು ಉಳಿದ ಹೊತ್ತು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ರಕ್ತದಕ್ಕ ಎನ್ನುತ್ತಿದ್ದರು. ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಸೀಸೆಗಳಲ್ಲಿ ತುಂಬಿದ ರಕ್ತವನ್ನು ಸೈಕಲ್ಲಿನಲ್ಲಿ ಗುಡ್ಡದ ಮೇಲಿನ ಪ್ರಯೋಗಾಲಯಕ್ಕೆ ಮುಟ್ಟಿಸಿ, ಖಾಲಿ ಪೆಟ್ಟಿಗೆಯೊಂದಿಗೆ ಇಳಿದು ಬರುವುದು ಅವಳ ಕೆಲಸ. ಹತ್ತಲು ಆರು ಕಿಲೋಮೀಟರು, ಇಳಿಯಲು ಅದೇ ಆರು. ಅವಳು ಸೈಕಲ್ ಕಲಿತದ್ದೇ ಮದುವೆಯಾದ ಮೇಲೆ. ಹಿಂದೆ ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತ ಓಡಿದವರು ಅವಳ ಅತ್ತೆ. "ನೀನಾಗೇ ಬಿದ್ರೆ ಎದ್ದೇಳು. ಯಾರಾದ್ರೂ ಬೀಳಿಸಿದ್ರೆ ಮಾತ್ರ ಸುಮ್ನಿರಬೇಡ" ಎಂದಿದ್ದರು. ಹನ್ನೊಂದು ವರ್ಷಗಳಲ್ಲಿ ಅವಳ ಕೈಯಲ್ಲಿ ಒಂದು ಸೀಸೆಯೂ ಒಡೆದಿರಲಿಲ್ಲ.

ಹೊಸ ಮೇಲ್ವಿಚಾರಕ ಬಂದವನೇ ಸೈಕಲ್ಲಿಗೆ ವೇಗ ಅಳೆಯುವ ಮೀಟರ್ ಹಾಕಿಸಿದ. ವಾರ ಕಳೆಯುವಷ್ಟರಲ್ಲಿ ಅವಳ ಮುಂದೆ ಒಂದು ಕಾಗದ ಇಟ್ಟ.

"ಹತ್ತುವಾಗ ಗಂಟೆಗೆ ಹತ್ತು ಕಿಲೋಮೀಟರ್, ಇಳಿಯುವಾಗ ಮೂವತ್ತು. ಕೂಡಿಸಿ ಅರ್ಧ ಮಾಡಿದ್ರೆ ಸರಾಸರಿ ಇಪ್ಪತ್ತು. ಹನ್ನೆರಡು ಕಿಲೋಮೀಟರಿಗೆ ಮೂವತ್ತಾರು ನಿಮಿಷ ಸಾಕು. ನೀವು ನಲವತ್ತೆಂಟು ತಗೋತೀರಿ. ದಿನಾ ಹನ್ನೆರಡು ನಿಮಿಷ ಎಲ್ಲಿ ಹರಟೆ ಹೊಡೀತೀರಿ ಅಕ್ಕಾ? ತಪ್ಪಾಯ್ತು ಅಂತ ಸಹಿ ಹಾಕಿ. ಇಲ್ಲಾಂದ್ರೆ ನಾಳೆಯಿಂದ ಈ ಕೆಲಸ ಬೇರೆಯವರಿಗೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ದಾರಿಯಲ್ಲಿ ನೀರು ಕುಡಿಯಲೂ ನಿಲ್ಲದವಳಿಗೆ ಹರಟೆಮಲ್ಲಿಯ ಪಟ್ಟ! ಪೆನ್ನು ಮುಟ್ಟದೆ ಕೇಳಿದಳು:

"ಸಾರ್, ಗಂಟೆಗೆ ಹತ್ತರ ಹಾಗೆ ಆರು ಕಿಲೋಮೀಟರ್ ಹತ್ತೋಕೆ ಎಷ್ಟು ಹೊತ್ತು?"

ಅವನು ಕ್ಯಾಲ್ಕುಲೇಟರ್ ಒತ್ತಿದ. "ಮೂವತ್ತಾರು ನಿಮಿಷ."

"ಹೋಗಿ ಬರೋಕೆ ನೀವು ಕೊಟ್ಟಿರೋದು?"

"ಮೂವತ್ತಾ..." ಅವನ ಬೆರಳು ಗುಂಡಿಯ ಮೇಲೆಯೇ ನಿಂತಿತು.

"ಅಂದ್ರೆ ಗುಡ್ಡದ ಮೇಲೆ ಬ್ರೇಕ್ ಹಿಡಿದ ಗಳಿಗೆಗೇ ನಾನಿಲ್ಲಿ ನಿಮ್ಮ ಮೇಜಿನ ಮುಂದೆ ನಿಂತಿರಬೇಕು. ಇಳಿಯೋಕೆ ಒಂದು ನಿಮಿಷಾನೂ ಉಳಿಸಿಲ್ವಲ್ಲ ಸಾರ್! ನಿಧಾನವಾಗಿ ಹತ್ತೋವಾಗ ಮೂವತ್ತಾರು ನಿಮಿಷ ತುಳೀತೀನಿ, ಜೋರಾಗಿ ಇಳಿಯೋದು ಹನ್ನೆರಡೇ ನಿಮಿಷ. ಎರಡನ್ನೂ ಸಮ ಅಂತ ಅರ್ಧ ಮಾಡಿದ್ರೆ ಹೇಗೆ? ಒಟ್ಟು ದೂರಾನ ಒಟ್ಟು ಹೊತ್ತಿಂದ ಭಾಗಿಸಿ."

ಭಾಗಿಸಿದ. ಗಂಟೆಗೆ ಹದಿನೈದು ಬಂತು. ಮತ್ತೆ ಒತ್ತಿದ. ಯಂತ್ರವೂ ರಕ್ತದಕ್ಕನ ಕಡೆಗೇ ಇತ್ತು.

"ಹೋಗ್ಲಿ ಬಿಡಿ" ಎಂದು ಕಾಗದ ಮಡಚಲು ಹೋದ.

"ಬಿಡಲ್ಲ." ಅವಳು ಕಾಗದದ ಮೇಲೆ ಅಂಗೈ ಊರಿದಳು. "ನನ್ನ ಸಹಿಗೆ ಜಾಗ ಬಿಟ್ಟಿದ್ದೀರಲ್ಲ, ಅಲ್ಲಿ 'ಲೆಕ್ಕ ತಪ್ಪಿದ್ದು ನಾನು' ಅಂತ ಬರೆದು ನೀವೇ ಸಹಿ ಹಾಕಿ."

"ಪೆಟ್ಟಿಗೆ ಕಾಯ್ತಿದೆ, ಹೊರಡಿ ಅಕ್ಕಾ."

ಅವಳು ಪೆನ್ನಿನ ಮುಚ್ಚಳ ತೆಗೆದು ಅವನ ಕೈಗಿಟ್ಟಳು.

"ಅದಕ್ಕೇ ಬೇಗ ಬರೀರಿ. ಈಗ ಹೊತ್ತು ಹಾಳು ಮಾಡ್ತಿರೋದು ನಾನಲ್ಲ."

ಅವನು ಬರೆದ. ಅವಳು ಓದಿ ನೋಡಿಯೇ ಪೆಟ್ಟಿಗೆ ಎತ್ತಿಕೊಂಡಳು.