ಆಯಿ ಮೊದಲು ಉಂಡ ದಿನ

ಅಣ್ಣ ಊಟಕ್ಕೆ ಕೂತರೆ ನಮ್ಮನೆಯಲ್ಲಿ ಈಗಲೂ ಯಾರೂ ಜೋರಾಗಿ ಮಾತಾಡುವುದಿಲ್ಲ.

ಅಪ್ಪ ಹೋದಮೇಲೆ ಮನೆಯಲ್ಲಿ ನಮ್ಮನ್ನು ಹೆತ್ತ ಆಯಿ, ಅಣ್ಣ, ಅವನ ತಂಗಿ ನಾನು, ಮೂವರೇ. ಅಣ್ಣ ಕುಮಟೆ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಒಂದು ಮಳೆಗಾಲದಲ್ಲಿ, ಅಂಗಡಿಗೆ ಬರುವವರೆಲ್ಲ ತನ್ನ ಬಗ್ಗೆಯೇ ಪಿಸುಗುಡುತ್ತಾರೆ ಅನ್ನತೊಡಗಿದ. ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡುತ್ತಿದ್ದ. ಆಮೇಲೆ, ಅನ್ನದಲ್ಲಿ ವಿಷ ಹಾಕುತ್ತಿದ್ದಾರೆ ಅಂದ. ಕಂಡವರೆಲ್ಲ ಒಂದೊಂದು ದೇವರ ಹೆಸರು ಹೇಳಿದರು. ಎಲ್ಲ ಕಡೆ ಹಣ್ಣುಕಾಯಿ ಮಾಡಿಸಿ ಸುಸ್ತಾದ ಮೇಲೆ ಮಾನಸಿಕ ವೈದ್ಯರ ಹತ್ತಿರ ಹೋದೆವು, ನಮ್ಮ ಬುದ್ಧಿ ಇಷ್ಟೇ! ಇದು ಸ್ಕಿಜೋಫ್ರೇನಿಯಾ, ಗುಳಿಗೆಗೆ ಬಗ್ಗುತ್ತದೆ, ಆದರೆ ಬಿಡದೆ ನುಂಗಬೇಕು ಅಂದರು. ಅಣ್ಣ ಗುಳಿಗೆಗಳನ್ನು ಹಿತ್ತಲಿಗೆ ಎಸೆದ.

ಆಯಿಗೆ ಅಡುಗೆಮನೆಯ ಉಪಾಯ ಹೊಳೆಯಿತು. ವೈದ್ಯರನ್ನು ಕೇಳುವ ಗೋಜಿಗೇ ಹೋಗದೆ, ಗುಳಿಗೆ ಅರೆದು ಅಣ್ಣನ ಬಟ್ಟಲಿನ ಬಂಗಡೆ ಮೀನಿನ ಸಾರಿಗೆ ಬೆರೆಸತೊಡಗಿದಳು. ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ಘಾಟಿನ ಮುಂದೆ ಔಷಧಿಯ ಕಹಿ ಗೊತ್ತಾಗುತ್ತಿರಲಿಲ್ಲ. ಅಣ್ಣ ನಿದ್ದೆ ಮಾಡಿದ, ಒಂದೆರಡು ಸಲ ನಕ್ಕ ಕೂಡ. ಬೇಗ ಗುಣವಾಗಲಿ ಎಂದು ಒಂದು ದಿನ ಆಯಿ ಎರಡು ಗುಳಿಗೆ ಅರೆದಳು.

ನಮ್ಮಲ್ಲಿ ಗಂಡಸರ ಊಟ ಮುಗಿಯದೆ ಹೆಂಗಸರು ತಟ್ಟೆ ಹಾಕಿಕೊಳ್ಳುವುದಿಲ್ಲ. ಸಾರಿನ ರುಚಿಯನ್ನೂ ನೋಡುವಂತಿಲ್ಲ, ಬಾಯಿಗಿಟ್ಟರೆ ಎಂಜಲು. ಹುಟ್ಟಿದಾಗಿನಿಂದ ಕಂಡ ಈ ಪದ್ಧತಿಯೇ ಅಣ್ಣನಿಗೆ ಅವತ್ತು ವಿಷ ಹಾಕಿದ್ದಕ್ಕೆ ಸಾಕ್ಷಿಯಾಗಿ ಕಂಡಿತು.

"ನೀವ್ಯಾಕೆ ನನ್ನ ಸಂಗ್ತಿಗೆ ಉಣ್ಣೂದಿಲ್ಲ?" ಎಂದು ಬಟ್ಟಲನ್ನು ಆಯಿಯ ಮುಂದೆ ತಳ್ಳಿದ. "ಮೊದ್ಲು ನೀ ಉಣ್ಣು."

"ಎಂತದೂ ಇಲ್ಲ ಮಾರಾಯ."

"ಉಣ್ಣು ಅಂದೆ."

ಆಯಿ ನನ್ನ ಮುಖ ನೋಡಲಿಲ್ಲ. ಸಾರನ್ನೆಲ್ಲ ಅನ್ನಕ್ಕೆ ಸುರಿದುಕೊಂಡು, ಬಟ್ಟಲಿನ ತಳ ಬಳಿದು ಉಂಡಳು. "ಆತಾ?" ಅಂದಳು.

ಪಾತ್ರೆ ತೊಳೆಯಲು ಹೋದವಳು ಬಾವಿಕಟ್ಟೆಯ ಬಳಿ ಕುಸಿದಳು. ಕರೆದರೆ ನಾಲಿಗೆ ತೊದಲುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು. ಸತ್ತೇಹೋಗುತ್ತಾಳೆ ಅಂದುಕೊಂಡೆ. "ವಿಷ! ನಾ ಹೇಳಿರ್ಲಿಲ್ವಾ!" ಎಂದು ಕೂಗಿದ ಅಣ್ಣ ಆಯಿಯನ್ನು ಎತ್ತಿಕೊಂಡು ರಸ್ತೆಗೆ ಓಡಿದ. ಜನರಿಗೆ ಹೆದರಿ ತಿಂಗಳುಗಟ್ಟಲೆ ಅಂಗಳ ದಾಟದವನು ಹೆದ್ದಾರಿಯ ನಡುವೆ ನಿಂತು ರಿಕ್ಷಾ ನಿಲ್ಲಿಸಿದ.

ಏನು ತಿಂದಿದ್ದಾರೆ ಎಂದು ಆಸ್ಪತ್ರೆಯಲ್ಲಿ ಕೇಳಿದರು. ಆಯಿಯ ಜೀವದ ಪ್ರಶ್ನೆ, ಅಣ್ಣನ ಎದುರೇ ಎಲ್ಲ ಹೇಳಬೇಕಾಯಿತು. ಇನ್ನು ಇವನು ನಮ್ಮ ಕೈಯ ನೀರನ್ನೂ ಕುಡಿಯುವುದಿಲ್ಲ ಎಂಬ ಭಯಕ್ಕೆ ಗೋಡೆಗೆ ಒತ್ತಿ ನಿಂತಿದ್ದೆ. ಅವನು ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು ಕೇಳಿದ.

"ಹಂಗಾರೆ ಇದೊಂದಾದ್ರೂ ನನ್ನ ಹುಚ್ಚಲ್ಲ, ಅಲ್ದಾ?"

"ಅಲ್ಲ" ಅಂದೆ.

ಮರುದಿನ ಆಯಿ ಸುಧಾರಿಸಿದಳು. ವೈದ್ಯರು ನಮ್ಮಿಬ್ಬರಿಗೂ ಸರಿಯಾಗಿ ಬೈದು, ಅಣ್ಣನನ್ನು ಕೂರಿಸಿಕೊಂಡು ಸಮಾಧಾನದಿಂದ ಮಾತಾಡಿದರು. ಈಗ ಗುಳಿಗೆಯನ್ನು ಅವನೇ ನುಂಗುತ್ತಾನೆ, ಅಂಗಡಿಗೂ ಹೋಗುತ್ತಾನೆ. ದನಿಗಳು ಪೂರ್ತಿ ಹೋಗಿಲ್ಲ, ಮೆತ್ತಗಾಗಿವೆ ಅನ್ನುತ್ತಾನೆ. ಆದರೆ ಆಯಿ ಅದೇ ಪಾತ್ರೆಯಿಂದ ಬಡಿಸಿಕೊಂಡು ಮೊದಲು ಉಣ್ಣದೆ ಅವನು ಅನ್ನ ಮುಟ್ಟುವುದಿಲ್ಲ.

ನಿನ್ನೆ ಊಟದ ನಡುವೆ ಸೆಖೆಗೆ ಆಯಿ ಆಕಳಿಸಿದಳು. ಅಣ್ಣನ ಕೈ ತಟ್ಟೆಯ ಮೇಲೆಯೇ ನಿಂತಿತು.